ಕೀಲುಬೇನೆಯ ಮನೋಭಾರ: ಅಳತೆಗೋಲು ಮತ್ತು ಭಾಷೆ

ಕೀಲುಬೇನೆಯಿಂದ ಬಳಲುವವರನ್ನು ಪರೀಕ್ಷಿಸುವ ವೈದ್ಯರಿಗೆ ಅಳೆಯಲು ಹಲವು ಸಂಗತಿಗಳಿವೆ. ಊದಿಕೊಂಡ ಕೀಲುಗಳನ್ನು ಎಣಿಸಬಹುದು. ರಕ್ತವನ್ನು ಪರೀಕ್ಷಿಸಿ ಉರಿಯೂತದ ಪ್ರಮಾಣವನ್ನು ತಿಳಿಯಬಹುದು. ಎಕ್ಸ್-ರೇ ಚಿತ್ರದಲ್ಲಿ ಮೂಳೆ ಸವೆದಿರುವ ಬಗೆಯನ್ನು ಕಾಣಬಹುದು. ಇವೆಲ್ಲ ರೋಗಿಯು ಬಾಯಿ ತೆರೆಯದಿದ್ದರೂ ದೊರೆಯುವ ತಿಳಿವಳಿಕೆ. ಆದರೆ ಹತ್ತು ಹದಿನೈದು ವರ್ಷಗಳ ಕಾಲ ಈ ಬೇನೆಯೊಡನೆ ಬಾಳಿದವರ ಮನಸ್ಸು ಏನಾಗಿದೆ ಎಂಬುದನ್ನು ಅರಿಯಲು ಅವರನ್ನು ಕೇಳುವುದರ ಹೊರತು ಅನ್ಯಮಾರ್ಗವಿಲ್ಲ. ಕೇಳುವುದೆಂದರೆ ಯಾವುದಾದರೂ ಒಂದು ಭಾಷೆಯಲ್ಲಿ ಕೇಳುವುದು. ಉತ್ತರವೂ ಒಂದು ಭಾಷೆಯಲ್ಲಿಯೇ ಬರುವುದು. ವೈದ್ಯವಿಜ್ಞಾನದ ಮಾಪನಕಾರ್ಯವು ಭಾಷಾಭ್ಯಾಸಿಗಳ ಅಂಗಳಕ್ಕೆ ಕಾಲಿಡುವುದು ಇಲ್ಲಿಯೇ. ಆದುದರಿಂದ ಈ ವಿಷಯವನ್ನು ಕನ್ನಡ ಸಂಶೋಧನ ಸಂಚಿಕೆಯೊಂದರಲ್ಲಿ ಚರ್ಚಿಸುವುದು ಅಪ್ರಸ್ತುತವಾಗಲಾರದು.

ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ರುಮಟಾಯಿಡ್ ಆರ್ಥ್ರೈಟಿಸ್ ಎಂಬ ಕೀಲುರೋಗವನ್ನು ಗಮನದಲ್ಲಿರಿಸಿಕೊಳ್ಳಲಾಗಿದೆ. ದೇಹದ ರಕ್ಷಣಾವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುವುದರಿಂದ ಉಂಟಾಗುವ ಈ ರೋಗವು ಕೈಬೆರಳುಗಳ, ಮಣಿಕಟ್ಟಿನ, ಪಾದಗಳ ಚಿಕ್ಕ ಕೀಲುಗಳನ್ನು ಮೊದಲು ಹಿಡಿಯುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದರ ಪ್ರಮಾಣ ಎರಡು ಮೂರು ಪಟ್ಟು ಹೆಚ್ಚು. ವಯಸ್ಸಾದಂತೆ ಮೊಣಕಾಲು ಸವೆಯುವ ಸಾಮಾನ್ಯ ಸಂಧಿವಾತಕ್ಕಿಂತ ಇದು ಭಿನ್ನವಾದುದು. ಸಂಸಾರದ ನಡುಹಗಲಿನಲ್ಲಿಯೇ, ಅಂದರೆ ಮೂವತ್ತು ನಲವತ್ತರ ಹರೆಯದಲ್ಲಿಯೂ, ಇದು ತಲೆದೋರಬಹುದು. ದೆಹಲಿಯ ಸಮೀಪದ ಗ್ರಾಮಾಂತರ ಪ್ರದೇಶದಲ್ಲಿ ನಡೆದು ೧೯೯೩ರಲ್ಲಿ ಪ್ರಕಟವಾದ ಸಮೀಕ್ಷೆಯು ವಯಸ್ಕರಲ್ಲಿ ಶೇಕಡ ೦.೭೫ರಷ್ಟು ಜನರಿಗೆ ಈ ರೋಗವಿದೆಯೆಂದು ತಿಳಿಸಿತು. ೧೯೯೬ರಲ್ಲಿ ಪುಣೆಯ ಬಳಿಯ ಭಿಗವಣ ಎಂಬ ಊರಿನಲ್ಲಿ ಡಾ. ಅರವಿಂದ ಚೋಪ್ರಾ ಅವರು ಆರಂಭಿಸಿದ ಮನೆಮನೆಯ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡ ಅರ್ಧದಷ್ಟು ಕಂಡುಬಂದಿತು. ಪ್ರಮಾಣ ಅಲ್ಪವೆಂದು ತೋರಿದರೂ ನಮ್ಮ ಜನಸಂಖ್ಯೆಗೆ ಅನ್ವಯಿಸಿದಾಗ ಇದು ಹಲವು ಲಕ್ಷಗಳ ಮಾತು.

ಈ ರೋಗದ ಪರಿಣಾಮವನ್ನು ಅಳೆಯುವ ಪ್ರಯತ್ನಕ್ಕೆ ಒಂದು ಸಣ್ಣ ಇತಿಹಾಸವಿದೆ. ೧೯೪೯ರಲ್ಲಿ ಅಮೆರಿಕದ ಸ್ಟೈನ್‌ಬ್ರೋಕರ್ ಮತ್ತು ಸಂಗಡಿಗರು ರೋಗಿಗಳನ್ನು ಅವರ ಕಾರ್ಯಸಾಮರ್ಥ್ಯಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಯಾರು ಯಾವ ವರ್ಗಕ್ಕೆ ಸೇರಿದವರೆಂದು ತೀರ್ಮಾನಿಸುತ್ತಿದ್ದವರು ವೈದ್ಯರು. ಮೂರು ದಶಕಗಳ ಬಳಿಕ, ೧೯೮೦ರಲ್ಲಿ, ಈ ಪದ್ಧತಿಯನ್ನು ಬದಲಿಸಿದ ಎರಡು ಪ್ರಶ್ನಾವಳಿಗಳು ಪ್ರಕಟವಾದವು. ಸ್ಟ್ಯಾನ್‌ಫರ್ಡಿನ ಜೇಮ್ಸ್ ಫ್ರೈಸ್ ಮತ್ತು ಸಹೋದ್ಯೋಗಿಗಳ 'ಹೆಲ್ತ್ ಅಸೆಸ್‌ಮೆಂಟ್ ಕ್ವಶ್ಚನೇರ್' ಒಂದು. ಬಾಸ್ಟನ್ನಿನ ರಾಬರ್ಟ್ ಮೀನನ್ ಮತ್ತು ಸಹೋದ್ಯೋಗಿಗಳ 'ಆರ್ಥ್ರೈಟಿಸ್ ಇಂಪ್ಯಾಕ್ಟ್ ಮೆಶರ್‌ಮೆಂಟ್ ಸ್ಕೇಲ್ಸ್' ಮತ್ತೊಂದು. ಎರಡರಲ್ಲಿಯೂ ಉತ್ತರಿಸುವವರು ರೋಗಿಗಳೇ. ಮೊದಲನೆಯದು ಉಡುವುದು, ಏಳುವುದು, ಉಣ್ಣುವುದು, ನಡೆಯುವುದು ಮೊದಲಾದ ಎಂಟು ಬಗೆಯ ಕೆಲಸಗಳ ಬಗ್ಗೆ ೨೦ ಪ್ರಶ್ನೆಗಳನ್ನು ಕೇಳಿ ೦ಯಿಂದ ೩ರವರೆಗೆ ಅಂಕ ನೀಡುತ್ತದೆ. ಮನಸ್ಸಿನ ಗೊಡವೆಗೆ ಹೋಗುವುದಿಲ್ಲ. ಎರಡನೆಯದು ಚಲನೆ ಹಾಗೂ ನೋವುಗಳ ಜೊತೆಗೆ ಆತಂಕ ಮತ್ತು ಖಿನ್ನತೆಗಳಿಗೂ ಪ್ರತ್ಯೇಕ ಅಳತೆಗೋಲುಗಳನ್ನು ಹೊಂದಿದ್ದಿತು. ಕೀಲುರೋಗವು ಕೀಲಿಗೆ ಮಾತ್ರ ಸೀಮಿತವಲ್ಲವೆಂಬುದನ್ನು ಅಂಕಿಗಳ ಭಾಷೆಯಲ್ಲಿ ಒಪ್ಪಿಕೊಂಡ ಆರಂಭಿಕ ಪ್ರಯತ್ನಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ.

ಒಪ್ಪಿಕೊಂಡದ್ದಾಯಿತು, ಅಳೆಯುವ ಬಗೆ ಹೇಗೆ? ಮನಶ್ಶಾಸ್ತ್ರಜ್ಞರ ಬಳಿ ಆ ವೇಳೆಗಾಗಲೇ ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿಗಳಿದ್ದವು. ೧೯೬೧ರಲ್ಲಿ ಏರನ್ ಬೆಕ್ ಅವರು ರೂಪಿಸಿದ ೨೧ ಅಂಶಗಳ ಪಟ್ಟಿ ಅವುಗಳಲ್ಲಿ ಪ್ರಸಿದ್ಧವಾದುದು. ನಿದ್ರೆ ಕೆಟ್ಟಿದೆಯೆ, ಬೇಗ ದಣಿಯುತ್ತೀರಾ, ಕೆಲಸಕ್ಕೆ ತೊಡಗುವುದು ಕಷ್ಟವೆನಿಸುತ್ತದೆಯೆ, ನಿಮ್ಮ ಆರೋಗ್ಯದ ಬಗ್ಗೆ ಚಿಂತೆಯಿದೆಯೆ ಎಂಬ ಅರ್ಥದ ಅಂಶಗಳು ಅದರಲ್ಲಿವೆ. ದೇಹದಲ್ಲಿ ರೋಗವಿಲ್ಲದವರು ಇವುಗಳಿಗೆ ಹೌದೆಂದರೆ ಅದು ಮನಸ್ಸಿನ ಕುಗ್ಗುವಿಕೆಯ ಸೂಚನೆಯಾಗಬಹುದು. ಆದರೆ ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆ ಕಾಲ ಬೆರಳುಗಳು ಪೆಡಸಾಗಿರುವ, ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಭುಜ ನೋಯುವ ವ್ಯಕ್ತಿ ಇವೆಲ್ಲಕ್ಕೂ ಹೌದೆನ್ನುವುದು ಸಹಜವೇ. ಅಲ್ಲಿ ಅಳೆಯಲ್ಪಟ್ಟದ್ದು ಖಿನ್ನತೆಯಲ್ಲ, ಕೀಲಿನ ಉರಿಯೂತ. ೧೯೮೬ರಲ್ಲಿ ಥಿಯೋಡೋರ್ ಪಿಂಕಸ್ ಮತ್ತು ಸಂಗಡಿಗರು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಮಿನೆಸೋಟ ವ್ಯಕ್ತಿತ್ವ ಪರೀಕ್ಷೆಯಲ್ಲಿ ಕೀಲುರೋಗಿಗಳು ಖಿನ್ನತೆ, ಉನ್ಮಾದ, ರೋಗಭ್ರಮೆ ಈ ಮೂರರಲ್ಲಿಯೂ ಹೆಚ್ಚಿನ ಅಂಕ ಪಡೆಯುತ್ತಿದ್ದುದಕ್ಕೆ ಕಾರಣ ಅವರ ಮನಸ್ಥಿತಿಯಲ್ಲ, ರೋಗಕ್ಕೆ ನೇರವಾಗಿ ಸಂಬಂಧಿಸಿದ ಕೆಲವೇ ಹೇಳಿಕೆಗಳು ಎಂಬುದು ಅವರ ನಿರ್ಣಯ. ಕೀಲುರೋಗಿಗಳೆಂದರೆ ಸ್ವಭಾವತಃ ಕೊರಗುವವರು ಎಂಬ ಹಳೆಯ ಗ್ರಹಿಕೆಯೊಂದು ವೈದ್ಯವಲಯದಲ್ಲಿದ್ದಿತು. ಅದಕ್ಕೆ ಆಧಾರ ಒದಗಿಸಿದ್ದು ಬಹುಮಟ್ಟಿಗೆ ಅಳತೆಗೋಲಿನ ದೋಷವೇ.

ಈ ತೊಡಕನ್ನು ನಿವಾರಿಸಲೆಂದೇ ೧೯೮೩ರಲ್ಲಿ ಇಂಗ್ಲೆಂಡಿನ ಜಿಗ್ಮಂಡ್ ಮತ್ತು ಸ್ನೇತ್ ಅವರು ಆಸ್ಪತ್ರೆಗೆ ಬರುವ ದೈಹಿಕ ರೋಗಿಗಳಿಗಾಗಿ ೧೪ ಅಂಶಗಳ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದರು. ಏಳು ಆತಂಕಕ್ಕೆ, ಏಳು ಖಿನ್ನತೆಗೆ. ನಿದ್ರೆ, ಹಸಿವು, ದಣಿವುಗಳನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಗಿತ್ತು. ಆದರೂ ತಮ್ಮ ಚಟುವಟಿಕೆ ನಿಧಾನಗೊಂಡಿದೆಯೆಂದು ಅನಿಸುತ್ತದೆಯೆ ಎಂಬ ಅರ್ಥದ ಒಂದು ಅಂಶ ಅದರಲ್ಲಿ ಉಳಿದುಕೊಂಡಿತು. ಮೊಣಕಾಲು ಊದಿದವರು ಇದಕ್ಕೆ ಬೇರಾವ ಉತ್ತರ ಕೊಟ್ಟಾರು? ಇನ್ನೊಂದು ಅಂಶ ಭಯವನ್ನು ಹೊಟ್ಟೆಯೊಳಗೆ ಚಿಟ್ಟೆಗಳು ಹಾರಾಡಿದಂತಾಗುವ ಅನುಭವಕ್ಕೆ ಹೋಲಿಸುತ್ತದೆ. ಅದನ್ನು ಇದ್ದಕ್ಕಿದ್ದಂತೆ ಕನ್ನಡಿಸಿದರೆ ನಮ್ಮ ಹಳ್ಳಿಯ ಹಿರಿಯರು ಜಂತುಹುಳುವಿನ ಔಷಧ ಕೇಳಿಯಾರು.

ಅಳತೆಗೋಲು ಬದಲಾದಂತೆ ಅಳತೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ೨೦೧೩ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಸಮಗ್ರ ವಿಶ್ಲೇಷಣೆಯನ್ನು ನೋಡಬಹುದು. ಮಾಟ್ಚಮ್ ಮತ್ತು ಸಂಗಡಿಗರು ೭೨ ಅಧ್ಯಯನಗಳ, ೧೩,೧೮೯ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದರು. ಮನೋವೈದ್ಯಕೀಯ ನಿಯಮಗಳಿಗನುಸಾರ ತೀವ್ರ ಖಿನ್ನತೆಯನ್ನು ಗುರುತಿಸಿದಾಗ ಅದರ ಪ್ರಮಾಣ ಶೇಕಡ ೧೬.೮. ಒಂಬತ್ತು ಪ್ರಶ್ನೆಗಳ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಪಿ.ಎಚ್.ಕ್ಯು.-೯ ಎಂಬ ಪ್ರಶ್ನಾವಳಿಯನ್ನು ಬಳಸಿದಾಗ ಶೇಕಡ ೩೮.೮. ಜಿಗ್ಮಂಡ್-ಸ್ನೇತ್ ಪ್ರಶ್ನಾವಳಿಯಲ್ಲಿ ೮ ಅಂಕವನ್ನು ಗಡಿಯಾಗಿ ಹಿಡಿದರೆ ಶೇಕಡ ೩೪.೨, ಅದೇ ಗಡಿಯನ್ನು ೧೧ಕ್ಕೆ ಏರಿಸಿದರೆ ಶೇಕಡ ೧೪.೮. ಗಡಿಯನ್ನು ಮೂರು ಅಂಕ ಸರಿಸಿದ ಮಾತ್ರಕ್ಕೆ ಖಿನ್ನರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಖಿನ್ನತೆ ಅಲ್ಲಿ ಇಲ್ಲವೆಂದು ಇದರರ್ಥವಲ್ಲ. ಕನಿಷ್ಠ ಅಂದಾಜನ್ನು ಹಿಡಿದರೂ ಏಳು ಜನರಲ್ಲಿ ಒಬ್ಬರು ಈ ಭಾರವನ್ನು ಹೊತ್ತಿರುತ್ತಾರೆ. ಆದರೆ ಆ ಒಬ್ಬರು ಯಾರು ಎಂಬುದನ್ನು ಪ್ರಶ್ನಾವಳಿಯ ಮಾತುಗಳು ನಿರ್ಣಯಿಸುತ್ತವೆ.

ಇನ್ನು ಕನ್ನಡದ ಕಡೆಗೆ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮತ್ತು ಜೆರಾಲ್ಡ್ ಡೆವಿನ್ಸ್ ಅವರು ನಡೆಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಚರ್ಚೆಗೆ ಬಹಳ ಮುಖ್ಯವಾದುದು. ಅದು ಕೀಲುರೋಗಿಗಳನ್ನು ಕುರಿತದ್ದಲ್ಲ. ಮನೋವೈದ್ಯರ ಬಳಿಗೆ ಬಂದ ೮೦ ಹೊರರೋಗಿಗಳನ್ನು ಕುರಿತದ್ದು. ತಮ್ಮ ತೊಂದರೆಯನ್ನು ಖಿನ್ನತೆಯ ಲಕ್ಷಣಗಳಾಗಿ ಹೇಳಿಕೊಂಡವರಲ್ಲಿ ಕಳಂಕದ ಭಾವನೆ ಹೆಚ್ಚು. ಅದನ್ನೇ ದೇಹದ ನೋವು, ಉರಿ, ನಿಶ್ಶಕ್ತಿಗಳಾಗಿ ಹೇಳಿಕೊಂಡವರಲ್ಲಿ ಆ ಭಾವನೆ ಕಡಿಮೆ ಎಂಬುದು ಅದರ ಫಲಿತಾಂಶ. ದೇಹದ ನೋವು ಯಾರಿಗಾದರೂ ಬರಬಹುದಾದದ್ದು, ಹೇಳಿಕೊಳ್ಳಬಹುದಾದದ್ದು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮಗಳ ಮದುವೆಗೆ ತೊಡಕಾದೀತೆಂಬ ಅಂಜಿಕೆ ನಮ್ಮ ಸಮಾಜಕ್ಕೆ ಹೊಸದಲ್ಲ. ಹೀಗಿರುವಾಗ ಕೈಯಲ್ಲಿ ಕಣ್ಣಿಗೆ ಕಾಣುವ ಊತವೇ ಇರುವ ವ್ಯಕ್ತಿಯು ಮನಸ್ಸಿನ ಮಾತನ್ನು ಬೇರೆಯಾಗಿ ಏಕೆ ಆಡಿಯಾರು? ಬೆರಳು ಅವರ ಪರವಾಗಿ ಮಾತಾಡುತ್ತಿರುತ್ತದೆ.

ಭಾಷೆಯೂ ಈ ಬೆಸುಗೆಗೆ ನೆರವಾಗುತ್ತದೆ. 'ನೋವು' ಎಂಬ ಪದ ಮೊಣಕಾಲಿಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. 'ಸಂಕಟ'ವು ಹೊಟ್ಟೆಯಲ್ಲಿರಬಹುದು, ಸಂಸಾರದಲ್ಲಿಯೂ ಇರಬಹುದು. 'ಬೇನೆ' ಎಂಬುದು ರೋಗವೂ ಹೌದು, ಹೆರಿಗೆಯ ನೋವೂ ಹೌದು. ಸಂಸ್ಕೃತದಿಂದ ಬಂದ 'ಖಿನ್ನತೆ' ಪಠ್ಯಪುಸ್ತಕದ, ಪತ್ರಿಕೆಯ ಪದವಾಗಿ ನೆಲೆಗೊಂಡಿದೆಯೇ ಹೊರತು ಎಪ್ಪತ್ತು ವರ್ಷದ ಅಜ್ಜಿಯ ಮಾತಿನಲ್ಲಿ ಅದು ಸುಳಿಯುವುದಿಲ್ಲ. ಅವರ ಮಾತಿನಲ್ಲಿರುವುದು 'ಬೇಸರ', 'ಬೇಜಾರು'. ಈ ಎರಡೂ ಪದಗಳು ತಮ್ಮ ಮಡಿಲಿನಲ್ಲಿ ದುಃಖ, ದಣಿವು, ಹೊತ್ತು ಹೋಗದಿರುವಿಕೆ, ಮುನಿಸು ಎಲ್ಲವನ್ನೂ ಇರಿಸಿಕೊಂಡಿವೆ. ರಸಶಾಸ್ತ್ರದಲ್ಲಿ ಬೀಭತ್ಸದ ಸ್ಥಾಯಿಭಾವವಾದ 'ಜುಗುಪ್ಸೆ'ಯು ಆಡುಕನ್ನಡದಲ್ಲಿ 'ಜಿಗುಪ್ಸೆ'ಯಾಗಿ ಬದುಕೇ ಬೇಡವೆನಿಸುವ ಸ್ಥಿತಿಗೆ ಹೆಸರಾಗಿದೆ. ನಮ್ಮ ದಿನಪತ್ರಿಕೆಗಳ ಒಳಪುಟಗಳಲ್ಲಿ ಆತ್ಮಹತ್ಯೆಯ ಸುದ್ದಿಗೆ ಎರಡು ಸಿದ್ಧವಾಕ್ಯಗಳಿವೆ: ಜೀವನದಲ್ಲಿ ಜಿಗುಪ್ಸೆಗೊಂಡು ಎಂಬುದೊಂದು, ಹೊಟ್ಟೆನೋವು ತಾಳಲಾರದೆ ಎಂಬುದು ಇನ್ನೊಂದು. ದೇಹವೂ ಮನಸ್ಸೂ ಒಂದರ ಬದಲಿಗೆ ಒಂದು ನಿಲ್ಲುವ ಬಗೆಗೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಿಲ್ಲ.

ದಣಿವಿನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಕೀಲುರೋಗಿಗಳನ್ನು ನೋವಿನಷ್ಟೇ ಕಾಡುವ ಸಂಗತಿಯಿದು. ಕನ್ನಡದಲ್ಲಿ 'ದಣಿವು', 'ಆಯಾಸ', 'ಬಳಲಿಕೆ', 'ಸುಸ್ತು', 'ನಿಶ್ಶಕ್ತಿ' ಎಂಬ ಪದಗಳಿವೆ. ನಿಘಂಟು ಇವುಗಳನ್ನು ಒಂದರ ಪಕ್ಕ ಒಂದಿರಿಸುತ್ತದೆ. ಬಳಕೆಯಲ್ಲಿ ಇವು ಒಂದೇ ಅಲ್ಲ. ದಣಿವಿನ ಹಿಂದೆ ದುಡಿಮೆಯಿದೆ; ಹೊಲದಿಂದ ಬಂದವನು ದಣಿದು ಬಂದಿದ್ದಾನೆ, ಉಂಡು ಮಲಗಿದರೆ ಅದು ಇಳಿಯುತ್ತದೆ. ಸುಸ್ತಿನ ಹಿಂದೆ ಜ್ವರವಿರಬಹುದು, ಏನೂ ಇಲ್ಲದಿರಬಹುದು. ನಿಶ್ಶಕ್ತಿಗೆ ಟಾನಿಕ್ಕು ಕೇಳುವುದು ವಾಡಿಕೆ. ಉರಿಯೂತದಿಂದ ಬರುವ, ಮಲಗಿದರೂ ಇಳಿಯದ ಬಳಲಿಕೆಯನ್ನು ಕೇಳಬೇಕಾದ ಕಡೆ 'ದಣಿವಾಗುತ್ತದೆಯೆ' ಎಂದು ಕೇಳಿದರೆ, ಕೆಲಸವನ್ನೇ ಮಾಡಲಾಗದೆ ಕುಳಿತಿರುವವರು 'ಇಲ್ಲ' ಎನ್ನುತ್ತಾರೆ. ದಣಿಯುವಂಥದ್ದೇನೂ ಮಾಡಿಲ್ಲವಲ್ಲ! ಅಂಕ ಸೊನ್ನೆಯಾಗುತ್ತದೆ.

ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಧಾರವಾಡದ ಕಡೆಯವರಾದ ನನ್ನ ದೊಡ್ಡಮ್ಮ ಮಗನೊಡನೆ ಪುಣೆಯಲ್ಲಿದ್ದಾರೆ. ಹನ್ನೆರಡು ವರ್ಷಗಳಿಂದ ಈ ರೋಗ. ಅಲ್ಲಿಯ ಒಂದು ಚಿಕಿತ್ಸಾಲಯದಲ್ಲಿ ಅವರಿಗೆ ಪ್ರಶ್ನಾವಳಿಯನ್ನು ಕೊಟ್ಟಾಗ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಹಾಳೆ ಮರಾಠಿಯಲ್ಲಿತ್ತು. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೆ ಎಂಬ ಪ್ರಶ್ನೆಯನ್ನು ನಾನು ಗ್ರಂಥಸ್ಥ ಕನ್ನಡಕ್ಕೆ ತಂದೆ. ಅವರು ನಕ್ಕು, "ಮನಸ್ಸಿಗೇನಾಗೇದ? ಬೆರಳು ಮಡಚಾಕ ಬರವಲ್ಲದು, ಅದನ್ನ ಬರಕೋ" ಎಂದರು. ಇಲ್ಲ ಎಂಬ ಖಾನೆಯಲ್ಲಿ ಗುರುತು ಹಾಕಿದೆ. ಹೊರಬಂದು ರಿಕ್ಷಾಕ್ಕಾಗಿ ಕಾಯುವಾಗ ಅವರಾಗಿಯೇ ಹೇಳಿದರು: "ರೊಟ್ಟಿ ಬಡಿಯೂದು ಬಿಟ್ಟು ನಾಕು ವರ್ಷ ಆತು. ಸೊಸಿ ಮಾಡಿ ಹಾಕ್ತಾಳ, ಛಲೋನೇ ಮಾಡ್ತಾಳ. ಆದರ ಉಣ್ಣೂಮುಂದ ತುತ್ತು ಗಂಟಲದಾಗ ಸಿಗ್ತದ." ಆ ಮಾತಿಗೆ ಹಾಳೆಯಲ್ಲಿ ಜಾಗವಿರಲಿಲ್ಲ, ಹಾಳೆಯನ್ನು ಆಗಲೇ ಒಪ್ಪಿಸಿಯೂ ಆಗಿತ್ತು. ತಪ್ಪು ಚಿಕಿತ್ಸಾಲಯದ್ದೆಂದು ನಾನು ಹೇಳಲಾರೆ. ಭಾಷಾಂತರಿಸಿದವನು ನಾನೇ.

ಪ್ರಶ್ನಾವಳಿಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವುದಕ್ಕೆ ಶಾಸ್ತ್ರೀಯ ವಿಧಾನಗಳು ಇಲ್ಲದಿಲ್ಲ. ಅನುವಾದಿಸಿದ್ದನ್ನು, ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಮೂಲಭಾಷೆಗೆ ಅನುವಾದಿಸಿ ಹೋಲಿಸುವ ಪದ್ಧತಿಯನ್ನು ೧೯೭೦ರಲ್ಲಿ ರಿಚರ್ಡ್ ಬ್ರಿಸ್ಲಿನ್ ವಿವರಿಸಿದರು. ೧೯೯೩ರಲ್ಲಿ ಗಿಲ್ಲಮಾ, ಬೊಂಬಾರ್ಡಿಯೆ ಮತ್ತು ಬೀಟನ್ ಅವರು ಇದಕ್ಕೆ ತಜ್ಞರ ಸಮಿತಿಯ ಪರಿಶೀಲನೆ, ರೋಗಿಗಳ ಮೇಲೆ ಪೂರ್ವಪ್ರಯೋಗ ಮೊದಲಾದ ಹಂತಗಳನ್ನು ಸೇರಿಸಿ ನಿಯಮಗಳನ್ನು ರೂಪಿಸಿದರು. ಇವು ಅಗತ್ಯವಾದವು, ಸಾಕಾದವುಗಳಲ್ಲ. ಮರು-ಅನುವಾದದ ಮಿತಿಯನ್ನು 'ಬೇಸರ'ವೇ ತೋರಿಸಿಕೊಡುತ್ತದೆ. ದುಃಖ ಎಂಬರ್ಥದ ಇಂಗ್ಲಿಷ್ ಪದಕ್ಕೆ ಒಬ್ಬರು ಬೇಸರವೆನ್ನುತ್ತಾರೆ. ಅದನ್ನು ಓದಿದ ಇನ್ನೊಬ್ಬರು ಸರಿಯಾಗಿ ದುಃಖವೆಂದೇ ಹಿಂತಿರುಗಿಸುತ್ತಾರೆ. ಇಬ್ಬರೂ ಇಂಗ್ಲಿಷ್ ಬಲ್ಲವರು, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ತೇರ್ಗಡೆಯಾಗುತ್ತದೆ. ರೋಗಿಯು ಮಾತ್ರ ಹೊತ್ತು ಹೋಗುತ್ತಿಲ್ಲವೆ ಎಂದು ಕೇಳಿದರೆಂದು ತಿಳಿದು, ಮನೆಯಲ್ಲಿ ಮೊಮ್ಮಕ್ಕಳಿರುವುದರಿಂದ ಬೇಸರವಿಲ್ಲವೆಂದು ಉತ್ತರಿಸುತ್ತಾರೆ. ವಿಶ್ವಸನೀಯತೆಯನ್ನು ಸೂಚಿಸುವ ಕ್ರೋನ್‌ಬ್ಯಾಕ್ ಆಲ್ಫಾ ಎಂಬ ಸಂಖ್ಯೆ ಎಷ್ಟೇ ಉನ್ನತವಾಗಿದ್ದರೂ ಈ ಬಗೆಯ ತಪ್ಪನ್ನು ಅದು ಹಿಡಿಯಲಾರದು. ಅಂಶಗಳು ತಮ್ಮ ತಮ್ಮಲ್ಲಿ ಹೊಂದಿಕೊಂಡಿವೆಯೆ ಎಂಬುದನ್ನಷ್ಟೆ ಅದು ಹೇಳುತ್ತದೆ. ಅವು ಏನನ್ನು ಅಳೆಯುತ್ತಿವೆ ಎಂಬ ಸಪ್ರಮಾಣತೆಯ ಪ್ರಶ್ನೆ ಬೇರೆಯೇ.

ಅನುವಾದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಉದಾಹರಣೆ ವಿಶ್ವ ಆರೋಗ್ಯ ಸಂಸ್ಥೆಯ ಜೀವನಗುಣಮಟ್ಟದ ಪ್ರಶ್ನಾವಳಿಯದು. ೧೯೯೦ರ ದಶಕದಲ್ಲಿ ಹಲವು ದೇಶಗಳ ಕೇಂದ್ರಗಳಲ್ಲಿ ಏಕಕಾಲಕ್ಕೆ ರೂಪುಗೊಂಡ ೧೦೦ ಪ್ರಶ್ನೆಗಳ ಈ ಪಟ್ಟಿಯ ರಚನೆಯಲ್ಲಿ ಆಗಿನ ಮದ್ರಾಸ್ ಮತ್ತು ಹೊಸದೆಹಲಿಯ ಕೇಂದ್ರಗಳೂ ಪಾಲ್ಗೊಂಡಿದ್ದವು. ಪ್ರಶ್ನೆಗಳಿಗಿಂತ ಉತ್ತರಗಳ ಬಗ್ಗೆ ಅವರು ವಹಿಸಿದ ಎಚ್ಚರ ನಮಗೆ ಹೆಚ್ಚು ಪ್ರಸ್ತುತ. 'ಎಂದೂ ಇಲ್ಲ' ಮತ್ತು 'ಯಾವಾಗಲೂ' ಎಂಬ ಎರಡು ತುದಿಗಳ ನಡುವಣ ಪದಗಳನ್ನು ಸಂಶೋಧಕರು ತಾವೇ ಆರಿಸಲಿಲ್ಲ. ಆಯಾ ಭಾಷೆಯ ನಡುವಣ ಪದಗಳನ್ನೆಲ್ಲ ಕಲೆಹಾಕಿ, ೧೦ ಸೆಂಟಿಮೀಟರಿನ ಒಂದು ಗೆರೆಯ ಮೇಲೆ ಪ್ರತಿಯೊಂದು ಪದ ಎಲ್ಲಿ ನಿಲ್ಲುತ್ತದೆಂದು ಜನರಿಂದಲೇ ಗುರುತು ಹಾಕಿಸಿದರು. ಗೆರೆಯ ಕಾಲು ಭಾಗ, ಅರ್ಧ, ಮುಕ್ಕಾಲು ಭಾಗದ ಬಳಿ ಬಿದ್ದ ಪದಗಳನ್ನು ಮಾತ್ರ ಉತ್ತರಗಳಾಗಿ ಸ್ವೀಕರಿಸಲಾಯಿತು.

ಕನ್ನಡದಲ್ಲಿ ಈ ಗೆರೆಯನ್ನು ಎಳೆದರೆ ಏನಾದೀತು? ಮಂಡ್ಯದ ಕಡೆಯ 'ವಸಿ', ಧಾರವಾಡದ ಕಡೆಯ 'ತುಸು', ಕರಾವಳಿಯ 'ಚೂರು', ಬೆಂಗಳೂರಿನ 'ಸ್ವಲ್ಪ' ಇವೆಲ್ಲ ಒಂದೇ ಬಿಂದುವಿನಲ್ಲಿ ನಿಲ್ಲುತ್ತವೆಯೆ? 'ಸ್ವಲ್ಪ'ದ ವಿಷಯವಂತೂ ವಿಶಿಷ್ಟವಾದುದು. ಅದು ಪ್ರಮಾಣವಾಚಕವಾಗಿರುವಷ್ಟೇ ವಿನಯವಾಚಕವೂ ಹೌದು. 'ಸ್ವಲ್ಪ ನೀರು ಕೊಡಿ' ಎಂದವರಿಗೆ ಬೇಕಾಗಿರುವುದು ತುಂಬಿದ ಲೋಟ. ವೈದ್ಯರ ಮುಂದೆ ಕುಳಿತು 'ಸ್ವಲ್ಪ ನೋವಿದೆ' ಎನ್ನುವವರ ಸ್ವಲ್ಪ ಎಷ್ಟು? 'ಸಾಕಷ್ಟು' ಎಂಬುದು ಬೇಕಾದಷ್ಟೆಂಬ ತೃಪ್ತಿಯೋ, ತಾಳಲಾರದಷ್ಟೆಂಬ ದೂರೋ ಎಂಬುದು ಸಂದರ್ಭದಿಂದಲ್ಲದೆ ತಿಳಿಯದು. ಪ್ರಾದೇಶಿಕ ಪ್ರಭೇದಗಳನ್ನು ಶಬ್ದಕೋಶಗಳಲ್ಲಿ ಸಂಗ್ರಹಿಸುವುದರಲ್ಲಿ ನಮ್ಮ ಭಾಷಾಶಾಸ್ತ್ರ ಶ್ರಮಿಸಿದೆ. ಅವುಗಳನ್ನು ಇಂಥ ಗೆರೆಯೊಂದರ ಮೇಲೆ ಇರಿಸಿ ನೋಡುವ ಕೆಲಸವೂ ಆ ಶ್ರಮದ ಮುಂದುವರಿಕೆಯೇ ಆಗಿದೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಗೆರೆಯೆಳೆದ ಕಾಗದ ಮತ್ತು ತಾಳ್ಮೆ ಸಾಕು.

ದೈಹಿಕ ಸಾಮರ್ಥ್ಯದ ಪ್ರಶ್ನೆಗಳಲ್ಲಿ ಈ ಬಗೆಯ ಒಗ್ಗಿಸುವಿಕೆ ಯಶಸ್ವಿಯಾಗಿದೆ. ಅಮೆರಿಕದ ಎಸ್.ಎಫ್.-೩೬ ಎಂಬ ಪ್ರಶ್ನಾವಳಿ ಸಾಧಾರಣ ಶ್ರಮಕ್ಕೆ ನಿದರ್ಶನವಾಗಿ ಗಾಲ್ಫ್ ಆಟವನ್ನೂ ವ್ಯಾಕ್ಯೂಮ್ ಕ್ಲೀನರನ್ನೂ ಹೆಸರಿಸುತ್ತದೆ. ಇದಕ್ಕೆ ಬದಲಾಗಿ ದೆಹಲಿಯ ಅಶೋಕ್ ಕುಮಾರ್, ಎ.ಎನ್. ಮಾಳವೀಯ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ಪ್ರಶ್ನಾವಳಿಯ ಭಾರತೀಯ ರೂಪವನ್ನು ೨೦೦೨ರಲ್ಲಿ ಪ್ರಕಟಿಸಿದಾಗ ಕುಕ್ಕರಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದು, ಆಟೋರಿಕ್ಷಾ ಹತ್ತಿ ಇಳಿಯುವುದು, ತರಕಾರಿ ಮಾರುಕಟ್ಟೆಗೆ ಹೋಗುವುದು ಇವು ೧೨ ಪ್ರಶ್ನೆಗಳೊಳಗೆ ಸ್ಥಾನ ಪಡೆದವು. ದೇಹಕ್ಕೆ ಸಂಬಂಧಿಸಿದಂತೆ ಸಾಧ್ಯವಾದದ್ದು ಮನಸ್ಸಿಗೆ ಸಂಬಂಧಿಸಿದಂತೆ ಇನ್ನೂ ಆಗಬೇಕಾಗಿದೆ. ಪಿ.ಎಚ್.ಕ್ಯು.-೯ರ ಕೊನೆಯ ಪ್ರಶ್ನೆ ಸಾವಿನ ಯೋಚನೆಯನ್ನು ಕುರಿತದ್ದು. 'ದೇವರು ಬೇಗ ಕರಕೊಂಡರೆ ಸಾಕು' ಎಂಬುದು ನಮ್ಮ ಮುದುಕರ ನಿತ್ಯದ ಮಾತು. ಕೆಲವೊಮ್ಮೆ ಅದು ಸಂಜೆಯ ದೀಪ ಹಚ್ಚಿದಷ್ಟೇ ಸಹಜವಾದ ಮಾತು, ಕೆಲವೊಮ್ಮೆ ಅಲ್ಲ. 'ಹಣೆಬರಹ' ಎಂಬುದೂ ಹಾಗೆಯೇ. ಕೀಲುರೋಗಿಗಳ ಅಸಹಾಯಕತೆಯನ್ನು ಅಳೆಯಲು ೧೯೮೫ರಲ್ಲಿ ನಿಕಾಸಿಯೋ ಮತ್ತು ಸಂಗಡಿಗರು ರೂಪಿಸಿದ ಸೂಚ್ಯಂಕದ ದೃಷ್ಟಿಯಲ್ಲಿ, ರೋಗ ತನ್ನ ಹತೋಟಿಯಲ್ಲಿಲ್ಲವೆನ್ನುವವರು ಸೋತವರು. ನಮ್ಮಲ್ಲಿ ಹಣೆಬರಹವೆಂದು ಹೇಳಿ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಏಳುವವರೂ ಇದ್ದಾರೆ, ಹಾಗೆಂದು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗುವವರೂ ಇದ್ದಾರೆ. ಪದ ಒಂದೇ.

ಹೊರನಾಡಿನಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಮುಂಬಯಿಯ ಕನ್ನಡಿಗರಲ್ಲಿ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಹೈದರಾಬಾದಿನಲ್ಲಿ ನೆಲೆಸಿದ ಕಲಬುರಗಿ, ಬೀದರಿನ ಕಡೆಯವರ ಕನ್ನಡದಲ್ಲಿ ಉರ್ದು ಬೆರೆತಿರುತ್ತದೆ. ಚೆನ್ನೈನ ಎರಡನೆಯ ತಲೆಮಾರಿನವರು ಕನ್ನಡವನ್ನು ಆಡಬಲ್ಲರು, ಓದಲಾರರು. ಚಿಕಿತ್ಸಾಲಯದ ಭಾಷೆ ಮರಾಠಿ, ತೆಲುಗು, ತಮಿಳು ಅಥವಾ ಇಂಗ್ಲಿಷ್. ನಡುವೆ ನಿಲ್ಲುವ ದುಭಾಷಿ ಸಾಮಾನ್ಯವಾಗಿ ಮಗ, ಸೊಸೆ ಅಥವಾ ಮೊಮ್ಮಗಳು. ಮನೆಯವರಿಗೆ ಹೊರೆಯಾಗಿದ್ದೀರೆಂದು ಅನಿಸುತ್ತದೆಯೆ ಎಂಬ ಪ್ರಶ್ನೆಯನ್ನು ಸೊಸೆಯ ಬಾಯಿಂದ ಕೇಳಿಸಿಕೊಂಡ ಅತ್ತೆ ಏನೆಂದು ಉತ್ತರಿಸಿಯಾರು? ದುಭಾಷಿಯು ಪ್ರಾಮಾಣಿಕರೇ ಇರಬಹುದು. ಉತ್ತರ ಮಾತ್ರ ಅಲ್ಲಿಯೇ ಬದಲಾಗಿರುತ್ತದೆ.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಇಂದು ಈ ರೋಗದ ಚಿಕಿತ್ಸೆಯನ್ನು ಅಂಕಿಗಳೇ ನಡೆಸುತ್ತವೆ. ೨೮ ಕೀಲುಗಳನ್ನು ಪರೀಕ್ಷಿಸಿ ಲೆಕ್ಕ ಹಾಕುವ ಡಿ.ಎ.ಎಸ್.-೨೮ ಎಂಬ ಸೂಚ್ಯಂಕದಲ್ಲಿ ನಾಲ್ಕು ಘಟಕಗಳಿವೆ: ನೋಯುವ ಕೀಲುಗಳು, ಊದಿದ ಕೀಲುಗಳು, ರಕ್ತದ ಇ.ಎಸ್.ಆರ್. ಮತ್ತು, ನಾಲ್ಕನೆಯದಾಗಿ, ಒಟ್ಟಿನಲ್ಲಿ ತಾನು ಹೇಗಿದ್ದೇನೆಂದು ರೋಗಿಯೇ ಕೊಡುವ ಅಂಕ. ೨೦೧೧ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿರೋಗ ತಜ್ಞರ ಸಂಘಟನೆಗಳು ರೋಗೋಪಶಮನಕ್ಕೆ ಜಂಟಿಯಾಗಿ ವಿಧಿಸಿದ ನಿಯಮದ ಪ್ರಕಾರ, ಕೀಲುಗಳೂ ರಕ್ತವೂ ಸರಿಯಾಗಿದ್ದು, ರೋಗಿಯ ಸ್ವಂತ ಅಂಕ ಹತ್ತರಲ್ಲಿ ಒಂದನ್ನು ಮೀರಿದರೆ ರೋಗ ಶಮನವಾಗಿಲ್ಲವೆಂದೇ ಅರ್ಥ. ಆ ಅಂಕ ಮೇಲೇರಿರುವುದು ದುಃಖದಿಂದಲೋ ಒಂಟಿತನದಿಂದಲೋ ಆಗಿದ್ದರೆ? ಉರಿಯೂತವೇ ಇಲ್ಲದ ಕೀಲಿಗೆ ಇನ್ನೂ ಪ್ರಬಲವಾದ, ಸೋಂಕಿನ ಅಪಾಯವಿರುವ ದುಬಾರಿ ಔಷಧವನ್ನು ಕೊಡುವ ಸಂಭವವುಂಟು. ಈ ಆಕ್ಷೇಪಣೆ ಬಲವಾಗಿ ಕೇಳ್ಪಟ್ಟ ಬಳಿಕ ೨೦೨೨ರಲ್ಲಿ ಆ ಮಿತಿಯನ್ನು ಒಂದರಿಂದ ಎರಡಕ್ಕೆ ಸಡಿಲಿಸಲಾಯಿತು. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ವಿನಯದಿಂದ 'ಸ್ವಲ್ಪ' ಎಂದವರ ಕೀಲು ಒಳಗೊಳಗೇ ಸವೆಯುತ್ತಿರುತ್ತದೆ. ಅವರಿಗೆ ಔಷಧ ಹೆಚ್ಚುವುದಿಲ್ಲ, ಸಮಾಧಾನದ ಮಾತೂ ಸಿಕ್ಕುವುದಿಲ್ಲ.

ಯಾವ ನೋವಿಗೆ ಎಷ್ಟು ತೂಕವೆಂಬುದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯೊಂದು ಉಳಿದಿದೆ. ಯುರೋಪಿನ ಸಂಧಿರೋಗ ಸಂಘಟನೆಯ ಆಶ್ರಯದಲ್ಲಿ ಗೊಸೆಕ್ ಮತ್ತು ಸಂಗಡಿಗರು ೨೦೦೯ರಿಂದ ೨೦೧೧ರ ಅವಧಿಯಲ್ಲಿ ಸಿದ್ಧಪಡಿಸಿದ 'ರೇಡ್' ಎಂಬ ಅಳತೆಗೋಲು ಇದನ್ನು ರೋಗಿಗಳಿಗೇ ಬಿಟ್ಟುಕೊಟ್ಟಿತು. ಹತ್ತು ದೇಶಗಳ ರೋಗಿಗಳು ಮುಖ್ಯವೆಂದು ಸೂಚಿಸಿದ ಸಂಗತಿಗಳಿಂದ ಏಳನ್ನು ಆರಿಸಿ, ನೂರು ಅಂಕಗಳನ್ನು ಅವುಗಳಿಗೆ ಹಂಚಿರೆಂದು ಹೆಚ್ಚಿನ ಸಂಖ್ಯೆಯ ರೋಗಿಗಳನ್ನು ಕೇಳಲಾಯಿತು. ಬಂದ ತೂಕಗಳು ಹೀಗಿವೆ: ನೋವಿಗೆ ೨೧, ಕೆಲಸ ಮಾಡಲಾಗದಿರುವಿಕೆಗೆ ೧೬, ಬಳಲಿಕೆಗೆ ೧೫, ನಿದ್ರೆ, ದೇಹದ ನೆಮ್ಮದಿ, ಮನಸ್ಸಿನ ನೆಮ್ಮದಿ, ನಿಭಾಯಿಸುವಿಕೆ ಈ ನಾಲ್ಕಕ್ಕೆ ತಲಾ ೧೨. ಈ ತೂಕಗಳು ಯುರೋಪಿನ ರೋಗಿಗಳವು. ಅವರಿಗೆ ಅವು ಸರಿಯಾದವು ಎಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆಗಳನ್ನು ಅನುವಾದಿಸುವಾಗ ತೂಕಗಳನ್ನೂ ಜೊತೆಯಲ್ಲಿಯೇ ಆಮದು ಮಾಡಿಕೊಳ್ಳುತ್ತಿದ್ದೇವೆಂಬ ಅರಿವು ನಮ್ಮಲ್ಲಿರಬೇಕು. ಕನ್ನಡದ ರೋಗಿಗಳಿಂದ ಇದೇ ಹಂಚಿಕೆಯನ್ನು ಮಾಡಿಸಿ ನೋಡುವುದು ಹೊರನಾಡಿನ ಒಬ್ಬ ಸಂಶೋಧನಾರ್ಥಿಗೂ ಅಸಾಧ್ಯವಾದ ಕೆಲಸವಲ್ಲ.

ಒಬ್ಬರ ಉತ್ತರ ಅಧ್ಯಯನವಾಗುವುದಿಲ್ಲವೆಂದು ತಿಳಿದೂ ಇದನ್ನು ದೊಡ್ಡಮ್ಮನ ಮುಂದೆ ಇರಿಸಿದೆ. ನೂರು ಅಂಕದ ಲೆಕ್ಕ ಅವರಿಗೆ ಒಗ್ಗಲಿಲ್ಲ. ಇಪ್ಪತ್ತು ಹುಣಸೆಬೀಜಗಳನ್ನು ಕೊಟ್ಟು, ಹಾಳೆಯ ಮೇಲೆ ಏಳು ಮನೆಗಳನ್ನು ಬರೆದು, ಯಾವುದರ ಕಾಟ ಹೆಚ್ಚೋ ಅದಕ್ಕೆ ಹೆಚ್ಚು ಬೀಜವೆಂದು ಹೇಳಿದೆ. ಈ ಸಲ ಅವರ ಮಾತಿನಲ್ಲಿಯೇ ಕೇಳಿದೆ. ನೋವಿಗೆ ಐದು, ಕೆಲಸಕ್ಕೆ ನಾಲ್ಕು, ನಿದ್ದೆಗೆ ಮೂರು, ಬಳಲಿಕೆಗೆ ಎರಡು ಬೀಜಗಳನ್ನು ಸೊಟ್ಟ ಬೆರಳುಗಳಿಂದ ಒಂದೊಂದಾಗಿ ದೂಡಿದರು. ಅನಂತರ ಕೈ ನಿಲ್ಲಿಸಿ, "ಒಬ್ಬರ ಮುಂದ ಕೈ ಚಾಚೂದಕ್ಕ ಮನಿ ಎಲ್ಲೇದ?" ಎಂದು ಕೇಳಿದರು. ಏಳರಲ್ಲಿ ಅದಿರಲಿಲ್ಲ. ಉಳಿದ ಆರು ಬೀಜಗಳನ್ನು ಹಾಳೆಯ ಹೊರಗೆ, ನೆಲದ ಮೇಲೆ ಇಟ್ಟರು.